ಹಳೇ ನಂಬರಿನ ಬಾಗಿಲು

ಕೃಷ್ಣರಾಜಪುರ ಸ್ಟೇಷನ್ ಕಡೆಯಿಂದ ಬೆಳಗಿನ ರೈಲಿನ ಸದ್ದು ಕೇಳುವ ಹೊತ್ತಿಗೆ ಅಂಜನಮೂರ್ತಿ ಕಂಪ್ಯೂಟರಿನ ಮುಂದೆ ಕೂತಾಗಿದೆ. ಮುಖ ತೊಳೆದಿಲ್ಲ, ಕಾಫಿ ಕುಡಿದಿಲ್ಲ. ಪರದೆಯ ಮೇಲೆ ಚೌಕ ಚೌಕದ ಇಟ್ಟಿಗೆಗಳಲ್ಲಿ ಕಟ್ಟಿದ ಒಂದು ಹೆಂಚಿನ ಮನೆ. ಮುಂದೆ ಜಗಲಿ, ಪಕ್ಕದಲ್ಲಿ ಹೊಂಗೆಮರ, ಅಂಗಳದಲ್ಲಿ ತುಳಸಿಕಟ್ಟೆ. ಅವರ ಕಣ್ಣು ಹುಡುಕುವುದು ಆ ಕಟ್ಟೆಯ ಬುಡವನ್ನು ಮಾತ್ರ.

"ಹೂವ ಐತೇನೋ?" ಅಡುಗೆಮನೆಯಿಂದ ತಾಯಿ ಮುನಿಲಕ್ಷ್ಮಮ್ಮ ಕೇಳುತ್ತಾರೆ.

"ಇಲ್ಲಮ್ಮ."

ಒಳಗೆ ಪಾತ್ರೆಯ ಸದ್ದು ಸ್ವಲ್ಪ ಜೋರಾಗುತ್ತದೆ.

ನಲವತ್ತರ ಆಸುಪಾಸಿನ ಅಂಜನಮೂರ್ತಿ ಹಗಲೆಲ್ಲ ಸ್ಕೂಟರಿನಲ್ಲಿ ಶಿವಾಜಿನಗರದಿಂದ ಹಲಸೂರಿನವರೆಗೆ ಸುತ್ತಿ ಜೆರಾಕ್ಸ್ ಮೆಷಿನ್ ರಿಪೇರಿ ಮಾಡುತ್ತಾರೆ. ಕೆಲಸಕ್ಕೆ ಹೊರಡುವ ಮುಂಚೆ, ಬಂದ ಮೇಲೆ, ಆನ್‌ಲೈನ್ ಆಟವೊಂದರ ಸರ್ವರ್, ಅಂದರೆ ಎಲ್ಲರ ಆಟವೂ ನಡೆಯುವ ಕಂಪ್ಯೂಟರ್, ನೋಡಿಕೊಳ್ಳುತ್ತಾರೆ. ಪುಲಿಕೇಶಿನಗರ, ಇಂದಿರಾನಗರ, ಸಿ.ವಿ. ರಾಮನ್ ನಗರದ ಒಂದಷ್ಟು ಜನ ಅಲ್ಲಿ ಸೇರಿ ಮನೆ ಕಟ್ಟುತ್ತಾರೆ, ಬೇಸಾಯ ಮಾಡುತ್ತಾರೆ, ಬೇಲಿ ವಿಚಾರಕ್ಕೆ ಜಗಳವನ್ನೂ ಆಡುತ್ತಾರೆ. ಈ ಚಾಕರಿಗೆ ಸಂಬಳವಿಲ್ಲ. ಆಟ ಸಲೀಸಾಗಿ ನಡೆಯುತ್ತಿದ್ದರೆ ಈ ಮನುಷ್ಯ ಯಾರ ನೆನಪಿಗೂ ಬರುವುದಿಲ್ಲ, ನಿಂತಿತೋ, ಎಲ್ಲರ ಬಾಯಲ್ಲೂ ಅವರದೇ ಹೆಸರು.

ಪರದೆಯ ಮೇಲಿನ ಆ ಹೆಂಚಿನ ಮನೆ ಮೊದಲು ನಿಜವಾಗಿಯೂ ಇತ್ತು, ಈಗ ಇವರು ವಾಸವಿರುವ ಜಾಗದಲ್ಲೇ. ಅದನ್ನು ಕೆಡವಿ ಬಾಡಿಗೆಗೆ ಮಹಡಿ ಎಬ್ಬಿಸೋಣ ಎಂದವರು ಅಂಜನಮೂರ್ತಿ. ಬೇಡ ಎಂದು ಹಟ ಹಿಡಿದವನು ತಮ್ಮ ಪ್ರೇಮ್‌ಕುಮಾರ್. ಮಾತಿಗೆ ಮಾತು ಬೆಳೆಯಿತು. ಜೆಸಿಬಿ ಬಂದು ಹೊಂಗೆಮರ ಉರುಳಿಸಿದ ದಿನ ತಮ್ಮ ಬ್ಯಾಗು ಹಿಡಿದು ಹೋದವನು ಮತ್ತೆ ಹೊಸ್ತಿಲು ತುಳಿದಿಲ್ಲ. ಫೋನ್ ನಂಬರ್ ಬದಲಾಯಿಸಿದ. ಎಲ್ಲಿದ್ದಾನೆಂದು ಬಂಧುಬಳಗದಲ್ಲಿ ಒಬ್ಬರಿಗೂ ತಿಳಿಯದು.

ಆದರೆ ಅಣ್ಣತಮ್ಮ ಇಬ್ಬರೂ ಸೇರಿ ಶುರು ಮಾಡಿದ್ದ ಆಟಕ್ಕೆ ಮಾತ್ರ ಅವನು ಬರುತ್ತಿದ್ದ. ಕೆಡವಿದ ಮನೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಅಲ್ಲಿ ಎಬ್ಬಿಸಿದವನು ಅವನೇ. ಶುಕ್ರವಾರ ನಸುಕಿನಲ್ಲಿ ಬಂದು ತುಳಸಿಕಟ್ಟೆಯ ಬುಡದಲ್ಲಿ ಒಂದು ಹಳದಿ ಹೂವಿಟ್ಟು ಹೋಗುತ್ತಿದ್ದ. ಅಮ್ಮ ಶುಕ್ರವಾರ ಕಟ್ಟೆಗೆ ಪೂಜೆ ಮಾಡುತ್ತಿದ್ದುದನ್ನು ಅವನು ಮರೆತಿರಲಿಲ್ಲ. ಅಣ್ಣ ನೋಡುತ್ತಿದ್ದರು, ಒಂದಕ್ಷರ ಟೈಪ್ ಮಾಡುತ್ತಿರಲಿಲ್ಲ. "ಮಾತಾಡ್ಸಿದ್ರೆ ಬರೋದೇ ನಿಲ್ಲಿಸ್ಬಿಟ್ರೆ ಅಂತ ಭಯ ಸಾರ್. ಹೂವ ಬಿತ್ತು ಅಂದ್ರೆ ಮಗ ಚೆನ್ನಾಗವ್ನೆ ಅಂತ ನಮ್ಮಮ್ಮಂಗೆ ಆ ವಾರ ಊಟ ಸೇರೋದು" ಎಂದು ಪತ್ರಿಕೆಯವರಿಗೆ ಹೇಳುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಆಟ ತಡವರಿಸತೊಡಗಿತು. ಸರ್ವರ್ ಇದ್ದ ಬಾಡಿಗೆ ಕಂಪ್ಯೂಟರಿಗೆ ವಯಸ್ಸಾಗಿತ್ತು. ಅಂಜನಮೂರ್ತಿ ಸರ್ವರ್ ಬಾಡಿಗೆಗೆ ಕೊಡುವ ಬೇರೊಂದು ಹೋಸ್ಟಿಂಗ್ ಕಂಪನಿಯಲ್ಲಿ ಹೊಸ ಜಾಗ ಹಿಡಿದರು. ಮನೆ ಬದಲಾಯಿಸುವುದೆಂದರೆ ಸುಮ್ಮನೆಯೇ? ಮುನಿಲಕ್ಷ್ಮಮ್ಮ ಕಂಪ್ಯೂಟರ್ ಮೇಜಿನ ಪಕ್ಕ ಇಂಡಕ್ಷನ್ ಒಲೆ ಇಟ್ಟು ಹಾಲು ಉಕ್ಕಿಸಿಯೇ ಬಿಟ್ಟರು. ಕೀಬೋರ್ಡಿನ ಮೇಲೂ ನಾಲ್ಕು ಹನಿ ಬಿತ್ತು.

ಹಾಲು ಉಕ್ಕಿತು, ಹೊಸ ವಿಳಾಸ ಆಟಗಾರರ ವಾಟ್ಸ್ಯಾಪ್ ಗುಂಪಿಗೂ ಹೋಯಿತು, ಜನ ಮಾತ್ರ ಬರಲಿಲ್ಲ. ಎಲ್ಲರಿಗೂ ಒಂದೇ ಉತ್ತರ: ಸಂಪರ್ಕ ಸಿಗುತ್ತಿಲ್ಲ. ಪುಲಿಕೇಶಿನಗರದ ಲೈಬಾ ಫೋನಿನಲ್ಲೇ ತರಾಟೆಗೆ ತೆಗೆದುಕೊಂಡರು. "ಭೈಯ್ಯಾ, ಒಳಗೇ ಬಿಡ್ತಾ ಇಲ್ಲ. ನನ್ನ ಕುರಿಗಳೆಲ್ಲ ಅಲ್ಲೇ ಇವೆ."

"ನಂಗೆ ಬರ್ತಿದೆಯಲ್ಲಮ್ಮ, ನಿಮ್ಮ ನೆಟ್ ನೋಡ್ಕೊಳ್ಳಿ" ಎಂದು ಇವರೂ ಬಿಗಿಯಾಗಿಯೇ ಹೇಳಿದರು. ಆಮೇಲೆ ತಿಳಿದದ್ದು ಇಷ್ಟು: ಪರೀಕ್ಷೆ ಮಾಡುವಾಗ ಹೊಸ ಸರ್ವರಿನ ಕಾವಲು ಗೇಟನ್ನು ತಮ್ಮ ಮನೆಯ ಇಂಟರ್ನೆಟ್ಟಿಗೆ ಮಾತ್ರ ತೆರೆದಿದ್ದರು, ಉಳಿದವರಿಗೆ ತೆರೆಯುವುದನ್ನೇ ಮರೆತಿದ್ದರು. ಗೇಟು ತೆರೆದರು. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಲೈಬಾ ಕುರಿ ಎಣಿಸಿಕೊಂಡು ಸಮಾಧಾನ ಮಾಡಿಕೊಂಡರು.

ಶುಕ್ರವಾರ ಬಂತು. ಹೂವು ಬರಲಿಲ್ಲ.

ಪ್ರೇಮ್‌ಕುಮಾರ್ ವಾಟ್ಸ್ಯಾಪ್ ಗುಂಪಿನಲ್ಲಿಲ್ಲ. ಅವನ ಬಳಿ ಇರುವುದು ಮೊದಲ ದಿನಗಳಲ್ಲಿ ಅಣ್ಣನೇ ಕೊಟ್ಟಿದ್ದ ಬರೀ ಅಂಕಿಗಳ ವಿಳಾಸ, ಹಳೆಯ ಕಂಪ್ಯೂಟರಿನದು. ಅದನ್ನು ಅಂಜನಮೂರ್ತಿ ಬಾಡಿಗೆ ಮನೆಯ ಕೀಲಿ ಒಪ್ಪಿಸುವ ಹಾಗೆ ಹೊಸ ಜಾಗಕ್ಕೆ ಹೋದ ದಿನವೇ ಬಿಟ್ಟುಕೊಟ್ಟಿದ್ದರು. ತಮ್ಮ ಬಂದಿರುತ್ತಾನೆ, ತಟ್ಟಿರುತ್ತಾನೆ, ಯಾರೂ ತೆರೆದಿರುವುದಿಲ್ಲ. "ಒಂದ್ಸಲ ಮನೆ ಕೆಡವಿದೋನು ನಾನು. ಇದನ್ನೂ ಕೆಡವ್ಬಿಟ್ಟ ಅಂದ್ಕೊಂಡಿರ್ತಾನೆ ಸಾರ್."

ದಾರಿ ತೋರಿಸಿದವರು ಕಂಪ್ಯೂಟರಿನ ಗಂಧಗಾಳಿ ಇಲ್ಲದ ಮುನಿಲಕ್ಷ್ಮಮ್ಮ. "ಮನೆ ಬಿಟ್ ಬರುವಾಗ ಪಕ್ಕದ್ಮನೆಯೋರ್ಗೆ ಒಂದ್ ಮಾತು ಹೇಳಿ ಬರಲ್ವಾ? ಕೇಳ್ಕೊಂಡ್ ಬಂದೋರ್ಗೆ ಯಾರು ಹೇಳ್ತಾರೆ?" ಎಂದರು. ಮಗ ಮಾರನೆಯ ದಿನವೇ ಹಳೆಯ ಹೋಸ್ಟಿಂಗ್ ಕಂಪನಿಗೆ ಫೋನ್ ಹಚ್ಚಿದರು. ಆ ಅಂಕಿಗಳು ಇನ್ನೂ ಯಾರ ಪಾಲಿಗೂ ಹೋಗಿರಲಿಲ್ಲ. ಗೋಗರೆದು ಅದನ್ನೇ ವಾಪಸು ಪಡೆದು, ಅಲ್ಲೊಂದು ಪುಟ್ಟ ಸರ್ವರ್ ಕೂರಿಸಿದರು. ಅದರಲ್ಲಿ ಆಟವಿಲ್ಲ. ಬಂದವರನ್ನು ಸದ್ದಿಲ್ಲದೆ ಹೊಸ ಜಾಗಕ್ಕೆ ಕರೆತರುವುದೊಂದೇ ಅದರ ಕೆಲಸ.

ಅದು ಎದ್ದು ನಿಂತ ಮೇಲೂ ಶುಕ್ರವಾರಗಳು ಬರಿದೇ ಹೋಗುತ್ತಿವೆ. ಬೇಸರಪಟ್ಟು ಹೋದವನು ಮತ್ತೊಮ್ಮೆ ತಟ್ಟಬೇಕಲ್ಲ. ಈ ನಡುವೆ ಲೈಬಾ ಒಂದು ದಿನ ಕಟ್ಟೆಗೆ ತಾವೇ ಹೂವಿಡಲು ಹೊರಟಿದ್ದರು, ಪಾಪ ಅಮ್ಮನ ಸಮಾಧಾನಕ್ಕೆಂದು. ಅಂಜನಮೂರ್ತಿ ಬೇಡವೆಂದರು. ಆ ಜಾಗ ಅವನದು.

ಬಿಸಿಲು ಏರುತ್ತಿದೆ. ಹಲಸೂರಿನ ಅಂಗಡಿಯಿಂದ ಆಗಲೇ ಕರೆ ಬಂದಿದೆ, ಮೆಷಿನ್ನಿನಲ್ಲಿ ಕಾಗದ ಸಿಕ್ಕಿಕೊಂಡಿದೆಯಂತೆ. ಟೂಲ್ ಬ್ಯಾಗು ಹೆಗಲಿಗೇರಿಸಿದ ಅಂಜನಮೂರ್ತಿ ಪತ್ರಿಕೆಯವರನ್ನು ಬಾಗಿಲವರೆಗೆ ಬೀಳ್ಕೊಡುತ್ತಾರೆ. ಫೋಟೋ ಬೇಡ ಎನ್ನುತ್ತಾರೆ. ಹೊಗಳಿ ಬರೆಯುವುದೂ ಬೇಡ. ಸ್ಕೂಟರ್ ಸ್ಟಾರ್ಟ್ ಮಾಡಿದವರು ಏನೋ ನೆನಪಾಗಿ ಮತ್ತೆ ಆಫ್ ಮಾಡುತ್ತಾರೆ.

"ಒಂದ್ ಮಾತು ಮಾತ್ರ ಹಾಕಿ ಸಾರ್. ಅಮ್ಮನ ಮನೆ ಹಾಗೇ ಐತೆ. ಹಳೇ ನಂಬರ್ ಹಾಕಿದ್ರೂ ಬಾಗ್ಲು ತೆಗಿಯುತ್ತೆ."