ಸಾಬರ ಫೇರಿಸ್ತಿನೊಳಗಿನ ಹಲ್ಲಿ

“ಅವ್ವಾ, ದಸ್ತಗೀರ್‌ಸಾಬ್ ತಾತ ಕುತುಬ್‌ಖಾನೇದಾಗಿನ ಎಲ್ಲಾ ಪುಸ್ತಕ ಓದ್ಯಾರಂತ. ನೀ ಯಾಕ ಓದಿಲ್ಲ?”

ಸಂಗಿ ಹೀಗೆ ಕೇಳಿದಾಗ ನಾನು ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ಮೈಯೆಲ್ಲ ಉರಿಯಿತು. ನನ್ನನ್ನು ನಾಲ್ಕನೇ ಜಮಾತಿಗೇ ಶಾಲೆ ಬಿಡಿಸಿದ್ದನ್ನು ಐದು ವರ್ಷದ ಮಗಳಿಗೆ ಹೇಗೆ ಹೇಳಲಿ?

ನಮ್ಮ ಲಿಂಗಸೂಗೂರಿನ ಕುತುಬ್‌ಖಾನೆ ಇರುವುದು ನಮ್ಮ ಮನೆಯ ಎದುರಿಗೇ. ಮೂವತ್ತೊಂದು ವರ್ಷದಿಂದ ಸಾಬರು ಅಲ್ಲಿ ಕೂತು, ಬಂದ ಪುಸ್ತಕಕ್ಕೆಲ್ಲ ನಂಬರು ಹಾಕಿ, ಯಾವುದು ಯಾವ ಕಪಾಟಿನಲ್ಲಿದೆ ಎಂದು ಫೇರಿಸ್ತು ಬರೆದವರು. ಪೊಲೀಸ್ ಆಕ್ಷನ್ ಆಗಿ ಉರ್ದು ಆಡಳಿತ ಹೋದಮೇಲೆ ಕನ್ನಡ ಪುಸ್ತಕ ಬರತೊಡಗಿದರೂ, ಕನ್ನಡ ಓದಲು ಬಾರದ ಅವರು ಬಂದವರಿಂದ ಹೆಸರು ಕೇಳಿಕೊಂಡು ಉರ್ದು ಅಕ್ಷರದಲ್ಲೇ ಬರೆಯುತ್ತಿದ್ದರು. ಹೊಸ ಪುಸ್ತಕವನ್ನು ಮೊದಲು ಮೂಸಿ ನೋಡುವವರು ಅವರು. ನನ್ನ ಮಗಳಿಗೆ ಕಥೆ ಹೇಳುವವರೂ ಅವರೇ. ನನ್ನದು ಹೊಟ್ಟೆಕಿಚ್ಚು, ಬೇರೇನಲ್ಲ.

ನಿನ್ನೆ ಅವರ ನೌಕರಿಯ ಕೊನೆಯ ದಿನ. ಬೀಳ್ಕೊಡುಗೆಯ ಮಂಡಕ್ಕಿ ವಗ್ಗರಣಿ, ಮಿರ್ಚಿ ನನ್ನ ಒಲೆಯ ಮೇಲೆಯೇ ಆದವು. ಬಡಿಸಲು ಹೋದರೆ ಎಲ್ಲರ ಬಾಯಲ್ಲೂ ಅವರ ಹೊಗಳಿಕೆ. ನನಗೆ ತಡೆಯಲಾಗಲಿಲ್ಲ.

“ಸಂಗಿಗೆ ಕೆಮ್ಮು ಹತ್ತಿದಾಗ ಹಳ್ಳಿ ಮದ್ದಿನ ಪುಸ್ತಕ ಹುಡುಕಿ ಸಾಕಾತು. ಕಡೀಕ ಎಲ್ಲಿ ಸಿಕ್ತು ಗೊತ್ತೇನ್ರಿ? ಹಾವು ಚೇಳಿನ ಕಪಾಟದಾಗ!”

ಉರ್ದುವಿನಲ್ಲಿ ‘ಳ’ ಇಲ್ಲ. ‘ಹಳ್ಳಿ’ ಎಂದು ಕೇಳಿ ಬರೆದುಕೊಂಡಿದ್ದನ್ನು ಸಾಬರು ಆಮೇಲೆ ‘ಹಲ್ಲಿ’ ಎಂದು ಓದಿ ಆ ಕಪಾಟಿಗೆ ಸೇರಿಸಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಹಲ್ಲಿಗೂ ಕೆಮ್ಮು ಬರ್ತಿರಬೇಕು ಬಿಡು, ಬೇಟಿ,” ಎಂದು ಸಾಬರೂ ನಕ್ಕರು. ಆ ನಗು ನನಗೆ ಮಿರ್ಚಿಗಿಂತ ರುಚಿಯಾಯಿತು.

ಅವರ ಜಾಗಕ್ಕೆ ಸಿಂಧನೂರಿನಿಂದ ಬಂದಿರುವ ಗೋಪಣ್ಣ ಮಾತ್ರ ನಗಲಿಲ್ಲ. “ಹಿಂಗಿದ್ರ ಈ ಫೇರಿಸ್ತು ಯಾತಕ್ಕ ಬೇಕ್ರಿ? ನನಗಂತೂ ಉರ್ದು ಬರಂಗಿಲ್ಲ. ಸೋಮವಾರ ರದ್ದಿಗೆ ಹಾಕಿಬಿಡ್ತೀನಿ.”

ಸಾಬರು ಚಹಾದ ಬಸಿ ಕೆಳಗಿಟ್ಟು ಫೇರಿಸ್ತಿನ ವಹಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ನನ್ನ ಚೇಷ್ಟೆ ಇಷ್ಟು ದೂರ ಹೋದೀತೆಂದು ನಾನು ಎಣಿಸಿರಲಿಲ್ಲ.

ಇವತ್ತು ಬೆಳಿಗ್ಗೆ ಅವರೇ ನಮ್ಮ ಬಾಗಿಲಿಗೆ ಬಂದರು, ಕಂಕುಳಲ್ಲಿ ಆ ದಪ್ಪ ವಹಿ. ಬೈಯಲು ಬಂದರೆಂದುಕೊಂಡೆ. ಸಂಗಿ ಓಡಿಹೋಗಿ ಅವರ ಕಾಲು ತಬ್ಬಿದಳು. ಅಷ್ಟಾದರೂ ನನ್ನ ಒಳಗೆ ಚುರುಕ್ಕೆಂದಿತು.

“ತಪ್ಪಾತ್ರಿ, ಸಾಬ್ರೆ,” ಎಂದೆ.

“ನಿಂದಲ್ಲ, ನಂದು. ಅದನ್ನ ಹಿಡದಾಕಿ ನೀ ಒಬ್ಬಾಕೇ.” ವಹಿಯನ್ನು ಕಟ್ಟೆಯ ಮೇಲಿಟ್ಟರು. “ಇದರಾಗ ಏಳುನೂರು ಕನ್ನಡ ಪುಸ್ತಕ ಅದಾವ. ಸೋಮವಾರಕ್ಕ ಇನ್ನ ನಾಕು ದಿನ ಐತಿ. ಕೂಸು ಮಲಗಿದಾಗ ನಾ ಬಂದು ಓದ್ತೀನಿ. ನೀ ಕನ್ನಡದಾಗ ಬರಕೊಡ್ತೀಯೇನು, ಬೇಟಿ?”