ಹಣ್ಣೇ ಅಷ್ಟು ಸೀ

ದೊಡ್ಡ ತಪ್ಪುಗಳ ಹಿಂದೆ ದೊಡ್ಡ ಕಾರಣಗಳಿರುತ್ತವೆ ಎಂದು ನಂಬುವವರಿದ್ದಾರೆ. ನನ್ನದರ ಹಿಂದೆ ಇದ್ದದ್ದು ಎರಡು ಗಿಟುಕು ಕೊಬ್ಬರಿ ತುರಿಯುವ ಬೇಸರ. ಅಕ್ಕ, ಭಾವನಿಗೆ ಸಕ್ಕರೆ ಕಾಯಿಲೆ ಏರಿಸಿದ್ದು ನಿನ್ನ ಹಣ್ಣಲ್ಲ — ನಾನು.

ತುರುವೇಕೆರೆಯ ನಿನ್ನ ಅಡುಗೆಮನೆಗೆ, ಮುಚ್ಚಳದಲ್ಲಿ ಗಾಜಿನ ಕಿಟಕಿಯಿದ್ದ ದುಂಡು ಓವನ್ ಬಂದ ವರ್ಷ ಅದು. ಕಾಯಿಲೆ ಬಂದ ಮೇಲೆ ಭಾವನಿಗೆ ಸಿಹಿ ಎಂದು ಉಳಿದಿದ್ದು ಹಿತ್ತಲ ಮರದ ಸೀಬೆಹಣ್ಣು ಮಾತ್ರ. ದಿನಕ್ಕೊಂದು, ಡಾಕ್ಟರ ಅಪ್ಪಣೆಯಂತೆ. ನೀನು ವಾರಪತ್ರಿಕೆಯಿಂದ ಕತ್ತರಿಸಿಟ್ಟ ಚೀಟಿ ನೋಡಿಕೊಂಡು, ಸೀಬೆ ಹೋಳುಗಳ ಮೇಲೆ ಹುರಿದ ರಾಗಿಹಿಟ್ಟು, ಚಕ್ಕೆಪುಡಿ, ಕೊಬ್ಬರಿ ತುರಿ ಉದುರಿಸಿ ಬೇಯಿಸಲು ಹೊರಟೆ. ಬೆಲ್ಲ, ಸಕ್ಕರೆಗೆ ಪ್ರವೇಶವಿಲ್ಲ. ಭಾನುವಾರ ಊಟಕ್ಕೆ ಬಂದಿದ್ದ ನನ್ನ ಮುಂದೆ ತುರಿಮಣೆ ಇಟ್ಟೆ.

ಪಕ್ಕದಲ್ಲೇ ಗೌರಿಹಬ್ಬದ ಕರ್ಜಿಕಾಯಿಗೆಂದು ನೀನು ಕಲಸಿಟ್ಟ ಕೊಬ್ಬರಿ ಸಕ್ಕರೆಯ ಡಬ್ಬಿ. ಬಿಳಿಯೊಳಗೆ ಬಿಳಿ, ಯಾರಿಗೆ ಗೊತ್ತಾಗಬೇಕು — ಅದರಿಂದಲೇ ನಾನು ನಾಲ್ಕು ಹಿಡಿ ಹೋಳುಗಳ ಮೇಲೆ ಸುರಿದೆ. ಕೊಬ್ಬರಿ ಸೀಮೆಯಲ್ಲಿ ಹುಟ್ಟಿ ಕೊಬ್ಬರಿ ತುರಿಯಲು ಮೈಗಳ್ಳತನ. ತಿಪಟೂರಿನಲ್ಲಿ ಇದಕ್ಕೇ ಬೇರೆ ಶಿಕ್ಷೆ ಇರಬೇಕಿತ್ತು.

ನೀನು ಬಿಸಿಬಿಸಿಯಾಗಿ ಬಡಿಸಿದೆ. ಭಾವ ಒಂದು ಚಮಚ ಬಾಯಿಗಿಟ್ಟು ನಿನ್ನ ಕಡೆ ನೋಡಿದರು.

"ಲೇ, ಇದ್ಕೆ ಸಕ್ರೆ ಹಾಕಿಲ್ಲ ಅಂದ್ರೆ ನಾನು ನಂಬಲ್ಲ ಕಣೇ."

"ದೇವ್ರಾಣೆ ಇಲ್ಲ ಕಣ್ರೀ. ಬೇಕಾದ್ರೆ ಸೀನನ್ನೇ ಕೇಳಿ."

ಇಬ್ಬರೂ ನನ್ನ ಕಡೆ ತಿರುಗಿದಿರಿ. ಆಗಲೇ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ನಾನು — "ಹಣ್ಣೇ ಅಷ್ಟು ಸೀ ಬುಡಿ, ಭಾವ" ಎಂದೆ.

ಅವರು ಮೂರು ಸಲ ಹಾಕಿಸಿಕೊಂಡರು. ನಿನ್ನ ಮುಖ — ಆ ಕಳೆಯನ್ನು ನಾನು ಯಾವ ಹಬ್ಬದಲ್ಲೂ ಕಂಡಿರಲಿಲ್ಲ. "ಲೋ ಸೀನ, ನೀನು ತುರಿದ್ರೇನೇ ರುಚಿ ಕಣೋ, ಮುಂದಿನ ವಾರಾನೂ ಬಾ" ಎಂದೆ ನೀನು. ನಾನು ಬಂದೆ. ಮೊದಲನೆಯದನ್ನು ಸೋಮಾರಿತನ ಎನ್ನಬಹುದು. ಹಬ್ಬ ಕಳೆದು ಡಬ್ಬಿ ಖಾಲಿಯಾದ ಮೇಲೆ, ಸಕ್ಕರೆ ಪುಡಿ ಮಾಡಿಕೊಂಡು ಜೇಬಿನಲ್ಲಿ ತಂದೆನಲ್ಲ — ಅದಕ್ಕೆ ನನ್ನಲ್ಲಿ ಹೆಸರಿಲ್ಲ.

ಎರಡು ತಿಂಗಳಿಗೆ ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರು ಗದರಿದರು. ನೀನು ತಲೆತಗ್ಗಿಸಿ ನನ್ನದೇ ಮಾತನ್ನು ಒಪ್ಪಿಸಿದೆ: "ನಮ್ಮ ಮರದ ಹಣ್ಣೇ ಅಷ್ಟು ಸೀ, ಡಾಕ್ಟ್ರೇ." ಅಂದಿನಿಂದ ನೀನು ಭಾವನಿಗೆ ಹಣ್ಣು ಕೊಡಲಿಲ್ಲ, ಓವನ್ ಅಟ್ಟ ಸೇರಿತು. ಡಾಕ್ಟರ ಮುಂದೆ ನೀನು ಹಾಗೆಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ.

ಭಾನುವಾರ ಈ ಕಾಗದ ಹಿಡಿದು ಬರುತ್ತೇನೆ. ನೀನು ಓದಿ ಮುಗಿಸುವ ತನಕ ಎದುರಿಗೇ ಕೂತಿರುತ್ತೇನೆ.

ಓವನ್ ಅಟ್ಟ ಸೇರಿದ ಮೇಲೆ ಭಾವ ಆರು ವರ್ಷ ಬದುಕಿದರು. ಆ ಆರೂ ವರ್ಷ ಸೀಬೆಹಣ್ಣನ್ನು ಅಕ್ಕಪಕ್ಕದ ಮನೆಯವರು ತಿಂದರು.