ಅಕ್ಕ ರೇಡಿಯೊದಲ್ಲಿ ಕೇಳಿದ ಮಳೆ

ಇವತ್ತು ಮೊದಲ ಮಳೆಗೆ ಎದ್ದ ಮಣ್ಣಿನ ವಾಸನೆಗೆ ದೋರನಹಳ್ಳಿಯ ನಮ್ಮ ಕುರಿಗಳು ನೆನಪಾದವು. ಅದು ನಿಜಾಮರ ಆಳ್ವಿಕೆ ಆಗಷ್ಟೇ ಮುಗಿದಿದ್ದ ಕಾಲ. ಬಿಸಿಲಿನ ಹೊತ್ತು ಮುತ್ಯಾ, ಅಂದರೆ ನಮ್ಮಜ್ಜ, ಕುರಿಗಳನ್ನು ಒಣಗಿದ ಹಳ್ಳದೊಳಗೆ ಜಾಲಿ ನೆರಳಿಗೆ ಬಿಡುತ್ತಿದ್ದ. ಒಂದು ದಿನ, ಉರ್ದು ಶಾಲೆಯಲ್ಲಿ ಓದಿದ್ದ ನನ್ನ ಅಕ್ಕ ಶಾಂತವ್ವ ಅಂಗಡಿಯ ರೇಡಿಯೊದಲ್ಲಿ ಹೈದರಾಬಾದಿನ ಉರ್ದು ಸುದ್ದಿ ಕೇಳಿ ಓಡಿಬಂದಳು.

"ಮುತ್ಯಾ, ಎರಡು ದಿನ ಬಿಸಲು ಭಾಳ ಅಂತ. ಆಮ್ಯಾಲ ಗಾಳಿ, ಜೋರು ಮಳಿ. ಕುರಿ ಹಳ್ಳಕ್ಕ ಬಿಡಬ್ಯಾಡ."

ಮುತ್ಯಾ ನಕ್ಕ. "ಹೈದರಾಬಾದಿನ್ಯಾಗ ಕುಂತವರಿಗೆ ನಮ್ಮ ಮುಗಿಲು ಹೆಂಗ ಕಾಣ್ತದ?"

ಮೂರನೆಯ ದಿನ ಮಧ್ಯಾಹ್ನ ಅಕ್ಕ ಅವನನ್ನು ಕೇಳದೆ ನನ್ನನ್ನು ಎಳೆದುಕೊಂಡು ಹಳ್ಳಕ್ಕಿಳಿದಳು. ಇಬ್ಬರೂ ಕುರಿಗಳನ್ನು ದಿಬ್ಬ ಹತ್ತಿಸತೊಡಗಿದೆವು. ಮುತ್ಯಾ ಬೈಯುತ್ತಲೇ ಬಂದವನು ಕಪ್ಪಾದ ಮುಗಿಲು ನೋಡಿ ತಾನೂ ಕುರಿ ಅಟ್ಟತೊಡಗಿದ. ಕೊನೆಯ ಮರಿಯನ್ನು ತಾನೇ ಕಂಬಳಿಯಲ್ಲಿ ಎತ್ತಿಕೊಂಡು ಮೇಲೆ ತಂದ. ಗಾಳಿ ಎದ್ದು ಮಳೆ ಸುರಿಯಿತು. ನೋಡನೋಡುತ್ತ ಹಳ್ಳ ದಡ ಮುಟ್ಟಿ ಹರಿಯಿತು.

ಮುತ್ಯಾ ಮಳೆಯಲ್ಲೇ ನಿಂತು ತನ್ನ ರುಮಾಲು ಬಿಚ್ಚಿ ಅಕ್ಕನ ತಲೆಗೆ ಸುತ್ತಿದ. "ನಾಳಿಂದ ನೀ ಹೇಳವ್ವ, ನಾ ಕೇಳ್ತೀನಿ" ಅಂದ. ಅವಳು ಅದನ್ನು ಸುತ್ತಿಕೊಂಡೇ ಊರೆಲ್ಲ ತಿರುಗಿದಳು.

ಈಗ ಇದನ್ನು ಬರೆಯುತ್ತಿರುವ ನನ್ನ ಪಕ್ಕದಲ್ಲಿ ಅಕ್ಕ ಕುಳಿತು, "ರುಮಾಲು ಹಳದಿ ಇತ್ತು, ಅದನ್ನೂ ಬರಿ" ಅನ್ನುತ್ತಿದ್ದಾಳೆ.